ಮಡಿಲ ಸಾಸಿವೆ

ತಮಿಳು ಪಂಚಾಂಗದ ಪುರಟಾಸಿ ತಿಂಗಳ ಒಂದು ಬೆಳಿಗ್ಗೆ ಮಾದಯ್ಯನ ಟಗರು ಹಳದಿ ಹೂವೊಂದನ್ನು ಮೆಲ್ಲುತ್ತ ನಿಂತಿತ್ತು. ಟಗರು ಹೂ ತಿನ್ನುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆ ಟಗರು ಒಮ್ಮೆ ಮಾದಯ್ಯನ ಅಂಗಿಯ ತೋಳನ್ನು ತಿಂದಿತ್ತು, ಇನ್ನೊಮ್ಮೆ ಎಲೆಕ್ಷನ್ ಪೋಸ್ಟರುಗಳನ್ನು ಪಕ್ಷಭೇದವಿಲ್ಲದೆ ತಿಂದಿತ್ತು. ಆದರೆ ಈಗ ಅದನ್ನು ಗೂಟಕ್ಕೆ ಕಟ್ಟಿಹಾಕಿದ್ದರು. ಗೂಟದ ಸುತ್ತ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಹೂ ತಾನಾಗಿ ನಡೆದು ಬರುವುದಿಲ್ಲವಾದ್ದರಿಂದ ಯಾರೋ ತಂದು ಹಾಕಿರಬೇಕು. ಆ ಮನೆಯಲ್ಲಿ ಹಳದಿ ಹೂ ಬಿಡಬಹುದಾದ ಗಿಡ ಇದ್ದದ್ದು ಹಿತ್ತಲಿನಲ್ಲಿ ಮಾತ್ರ. ಅದು ಸೊಸೆ ಸಣ್ಣಕ್ಕ ಬಿತ್ತಿದ ಸಾಸಿವೆ. ಆ ಸಾಸಿವೆ ಇನ್ನೂ ಹೂ ಬಿಟ್ಟಿಲ್ಲವೆಂದು ಸಣ್ಣಕ್ಕ ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಬರೀ ಸಾಸಿವೆಯ ಮಾತಾಗಿದ್ದರೆ ಮಾದಯ್ಯ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಮಡಿಲ ಸಾಸಿವೆ. ಪಾಲಮಲೆ ಬೆಟ್ಟದ ಮೇಲಿನ ಊರುಗಳಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಮಡಿಲಿಗೆ ಒಂದು ಹಿಡಿ ಸಾಸಿವೆ ಹಾಕುತ್ತಾಳೆ. ಅದೇ ಚೀಲದ ಇನ್ನೊಂದು ಹಿಡಿಯನ್ನು ತನಗೆ ಇಟ್ಟುಕೊಳ್ಳುತ್ತಾಳೆ. ಮಗಳು ಗಂಡನ ಮನೆಯ ಹಿತ್ತಲಲ್ಲಿ ಬಿತ್ತುವ ಸಂಜೆಯೇ ತಾಯಿಯೂ ತನ್ನ ಹಿತ್ತಲಲ್ಲಿ ಬಿತ್ತುತ್ತಾಳೆ. ಹೂ ಬಿಟ್ಟ ದಿನ ತಾಯಿ ಮೊದಲ ಹೂವನ್ನು ಮುಡಿದು, ಮಗಳನ್ನು ಮೊದಲ ಸಲ ತವರಿಗೆ ಕರೆದೊಯ್ಯಲು ಹೊರಡುತ್ತಾಳೆ. ತಾಯಿ ಬಂದು ಕರೆಯುವ ಮುಂಚೆಯೇ ಮಗಳು ಹೊರಟರೆ ಅವಳು ಗಂಡನ ಮನೆ ಬಿಟ್ಟವಳು. ಮಗಳ ಗಿಡದ ಹೂ ಉದುರುವವರೆಗೂ ತಾಯಿ ಬಾರದಿದ್ದರೆ ಆ ಮಗಳು ತವರು ಕೈಬಿಟ್ಟವಳು. ತವರು ಕೈಬಿಟ್ಟವಳನ್ನು ಅತ್ತೆ ಹೊಡೆದರೆ ಯಾಕೆಂದು ಕೇಳುವವರಿಲ್ಲ, ಬಾಣಂತನಕ್ಕೆ ಕರೆಯುವವರಿಲ್ಲ, ಸತ್ತರೆ ತವರಿನಿಂದ ಸೀರೆ ತರುವವರೂ ಇಲ್ಲ.

ಈ ಏರ್ಪಾಡು ಅದೆಷ್ಟೋ ತಲೆಮಾರು ಸುಸೂತ್ರವಾಗಿ ನಡೆದಿತ್ತು. ಯಾಕೆಂದರೆ ಆ ಊರುಗಳವರು ಹೆಣ್ಣು ಕೊಡುತ್ತಿದ್ದದ್ದು ಪಕ್ಕದ ಗುಡ್ಡಕ್ಕೆ, ತರುತ್ತಿದ್ದದ್ದು ಅದರ ಪಕ್ಕದ ಗುಡ್ಡದಿಂದ. ಎರಡು ಹಿತ್ತಲುಗಳ ಸಾಸಿವೆ ಹೂ ಬಿಡುವುದರಲ್ಲಿ ಒಂದು ದಿನ ಹಿಂದುಮುಂದಾದರೆ ಅದೇ ದೊಡ್ಡ ಸುದ್ದಿ. ಆ ಊರುಗಳಿಂದ ಕೆಳಗಿನ ಬಯಲಿಗೆ ಕೊಟ್ಟ ಮೊದಲ ಹೆಣ್ಣು ಸಣ್ಣಕ್ಕ. ಕೇಳಿ ತಂದುಕೊಂಡವನು ಮಾದಯ್ಯನೇ. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಮೇಲಕ್ಕೆ ಹೋಗಿದ್ದಾಗ, ಪರರ ಹೊಲಕ್ಕೆ ನುಗ್ಗಿದ್ದ ಇದೇ ಟಗರನ್ನು ಒಂದು ಹುಡುಗಿ ಕೊಂಬು ಹಿಡಿದು ಎಳೆದು ತಂದು, “ನಿಮ್ದಾ?” ಎಂದು ಕೇಳಿದ್ದಳು. ಆ ಟಗರನ್ನು ಹಾಗೆ ಎಳೆಯಲು ಮಾದಯ್ಯನ ಮಗ ಕುಪ್ಪಸ್ವಾಮಿಗೂ ಆಗುತ್ತಿರಲಿಲ್ಲ. ಕುಪ್ಪಸ್ವಾಮಿ ಮೆಟ್ಟೂರಿನ ಮಿಲ್ಲಿಗೆ ಹೋಗುವವನು, ಅವನ ಜಗಳವೆಲ್ಲ ಬಸ್ಸಿನ ಜೊತೆ. ಮಾದಯ್ಯ ಆವತ್ತೇ ಹೆಣ್ಣು ಕೇಳಿದ.

ಮಾದಯ್ಯ ಹಿತ್ತಲಿಗೆ ಹೋದ. ಸಣ್ಣಕ್ಕ ಸಾಸಿವೆ ಮಡಿಯಲ್ಲಿ ಬೆನ್ನು ತಿರುಗಿಸಿ ನಿಂತು, ಗಿಡಗಳ ತುದಿಯಿಂದ ಏನನ್ನೋ ಚಿವುಟಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

“ಏನವ್ವಾ ಮಾಡ್ತಾ ಇದೀಯ?”

“ಉಳ ಐತೆ ಮಾವ. ಉಳ ತಗೀತಾ ಇವ್ನಿ.”

“ಅಳದಿ ಉಳವಾ?”

ಸಣ್ಣಕ್ಕ ತಿರುಗಿದಳು. ಮಡಿಲು ತುಂಬ ಸಾಸಿವೆ ಹೂ. “ಯಾರ್ಗೂ ಯೋಳ್ಬ್ಯಾಡಿ ಮಾವ,” ಎಂದಳು. “ಅಮ್ಮ ಬಂದೇ ಬರ್ತಾಳೆ. ಅದುವರ್ಗೂ ಇದು ಊ ಬಿಟ್ಟಿಲ್ಲ.”

“ಯಾವಾಗ್ಲಿಂದ ಬಿಟ್ಟಿಲ್ಲ?”

“ಅಮಾಸೆಯಿಂದ,” ಎಂದಳು ಸಣ್ಣಕ್ಕ.

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅತ್ತಿದ್ದರೆ ಮಾದಯ್ಯ ಏನಾದರೂ ಗದರಿ ಸುಮ್ಮನಿರಿಸುತ್ತಿದ್ದ. ಸುಮ್ಮನೆ ನಿಂತವಳನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಗಿಡಗಳನ್ನು ನೋಡಿದ. ಮೊಳಕೆಯೊಡೆದ ವಾರದಲ್ಲೇ ನೂಲಿನ ಎಳೆಯ ಹಾಗೆ ಎದ್ದಿದ್ದವು. ಈಗ ಅವನ ಎದೆಯ ಮಟ್ಟಕ್ಕೆ ಬಂದಿದ್ದವು. ಸಣಕಲು ಕಾಂಡ, ಉದ್ದನೆಯ ತೊಟ್ಟು, ತೊಟ್ಟಿನ ತುದಿಯಲ್ಲಿ ತೆಳ್ಳಗಿನ ಚಿಕ್ಕ ಎಲೆ, ಆ ಎಲೆಯೂ ಮೇಲಕ್ಕೆ ಎತ್ತಿಕೊಂಡದ್ದು. ಒಂದು ತುದಿ ಚಿವುಟಿದಲ್ಲಿ ನಾಲ್ಕು ಕವಲು ಒಡೆದು ನಾಲ್ಕರಲ್ಲೂ ಮೊಗ್ಗು. ಸಣ್ಣಕ್ಕ ಚಿವುಟಿದಷ್ಟೂ ಅವಳ ಕೆಲಸ ಹೆಚ್ಚುತ್ತಿತ್ತು. ಇನ್ನು ನಾಲ್ಕು ದಿನ ಹೋದರೆ ಬೇಲಿಯಾಚೆಯಿಂದಲೇ ಎಲ್ಲರಿಗೂ ಕಾಣುವಂತಿತ್ತು.

ಬೇಲಿಯಾಚೆ ಇದ್ದವಳು ಮಾರಕ್ಕ. ಅವಳಿಗೆ ಆಗಲೇ ಕಂಡಿತ್ತು.

“ಏನ್ ಮಾದಣ್ಣಾ, ಸಾಸ್ವೆ ಊ ಬಿಟ್ಟಂಗೈತೆ, ಬೀಗ್ರು ಕಾಣ್ತಾ ಇಲ್ವಲ್ಲ?” ಎಂದು ಆ ಮಧ್ಯಾಹ್ನವೇ ಕೇಳಿದಳು. “ಕೊಟ್ಟ ಎಣ್ಣು ಕುಲಕ್ಕೊರಗು ಅಂತ ಬುಟ್ಟೇಬುಟ್ರಾ? ಪಾವಂ, ಪಾಪ.”

ಮಡಿಲ ಸಾಸಿವೆಯ ಕಥೆಯನ್ನು ಬೀದಿಗೆಲ್ಲ ಹೇಳಿದ್ದವಳು ಮಾದಯ್ಯನ ಹೆಂಡತಿ ಮುನಿಲಕ್ಷ್ಮಮ್ಮ. ಬೆಟ್ಟದ ಬೀಗರು ಎಷ್ಟು ಕಟ್ಟುನಿಟ್ಟಿನವರು ಎಂದು ಹೆಮ್ಮೆಪಟ್ಟುಕೊಳ್ಳಲು ಹೇಳಿದ್ದಳು. ಈಗ ಆ ಕಟ್ಟುನಿಟ್ಟು ತಿರುಗಿ ಬಂದು ಅವಳ ಮನೆಯ ಬಾಗಿಲಲ್ಲೇ ಕೂತಿತ್ತು. “ಎಣ್ಣು ಕೊಟ್ಟೋರು ಇಂಗಾ ಮಾಡೋದು?” ಎಂದು ರೇಗಿದಳು. “ನಾನಾಗಿದ್ರೆ ತೆವಳ್ಕೊಂಡಾದ್ರೂ ಬರ್ತಿದ್ದೆ. ಓಗಿ ಕೇಳಿ. ಮುಖಕ್ಕೇ ಕೇಳಿ.”

ಮಾದಯ್ಯನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾರನೆಯ ಬೆಳಿಗ್ಗೆ ಅತಿ ಉದ್ದದ ಗಿಡವೊಂದನ್ನು ಬೇರು ಮಣ್ಣು ಸಮೇತ ಕಿತ್ತು ಹಳೆಯ ಎಣ್ಣೆ ಡಬ್ಬಿಯಲ್ಲಿ ನಿಲ್ಲಿಸಿ, ಸಣ್ಣಕ್ಕನಿಗೆ, “ಇದರ ಊವ ಚಿವುಟ್ಬ್ಯಾಡ,” ಎಂದು ಹೇಳಿ, ಡಬ್ಬಿ ಹೊತ್ತು ಬೆಟ್ಟಕ್ಕೆ ಹೊರಟುಬಿಟ್ಟ. ಸಿಟ್ಟಿನಲ್ಲಿ ಹೊರಟವನು ಕಂಬಳಿ ಮರೆತ. ಕುರುಬ ಚಪ್ಪಲಿ ಮರೆಯಬಹುದು, ಕಂಬಳಿ ಮರೆಯುವುದಿಲ್ಲ. ಅಷ್ಟು ಸಿಟ್ಟು ಬಂದಿತ್ತು.

ಕೊಳತ್ತೂರು ಬಸ್ಸಿನಲ್ಲಿ ಕಂಡಕ್ಟರು ಡಬ್ಬಿ ನೋಡಿ, ಇದೇನೆಂದು ತಮಿಳಿನಲ್ಲಿ, “ಇದು ಎನ್ನ, ಪೆರಿಯವರೇ?” ಎಂದ.

“ಸಾಕ್ಷಿ,” ಎಂದ ಮಾದಯ್ಯ.

ಸಾಕ್ಷಿಗೆ ಟಿಕೆಟ್ ಹರಿಯುವ ರೂಲು ಇಲ್ಲದ್ದರಿಂದ ಕಂಡಕ್ಟರು ಮುಂದಕ್ಕೆ ಹೋದ. ಕೊಳತ್ತೂರಿನಲ್ಲಿ ಇಳಿದು, ಬೆಟ್ಟದ ಬುಡದವರೆಗೆ ನಡೆದು, ಅಲ್ಲಿಂದ ಮಾದಯ್ಯ ಹತ್ತತೊಡಗಿದ. ಅರ್ಧ ದಾರಿಯವರೆಗೆ ಬೆವರು, ಅಲ್ಲಿಂದಾಚೆ ಗಾಳಿ. ಜವರಪ್ಪನಿಗೆ ಏನೇನು ಕೇಳಬೇಕೆಂದು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿ ನೋಡಿಕೊಂಡ. ಗಿಡ ತಲೆ ಆಡಿಸುತ್ತ ಒಪ್ಪಿಕೊಂಡಿತು.

ಸಣ್ಣಕ್ಕನ ಅಪ್ಪ ಜವರಪ್ಪ ಅಂಗಳದಲ್ಲಿ ಬೇಲಿ ಕಟ್ಟುತ್ತಿದ್ದ. “ಬನ್ನಿ ಬೀಗ್ರೇ! ಮಗಳು ಚೆಂದಾಗವ್ಳಾ?” ಎಂದು ಎದ್ದ.

ಮಾದಯ್ಯ ಕೂರಲಿಲ್ಲ, ನೀರು ಮುಟ್ಟಲಿಲ್ಲ. ಡಬ್ಬಿಯನ್ನು ಅವನ ಮುಂದಿಟ್ಟ.

“ಇದೇನು?”

“ನಿಮ್ಮ ಮಗಳ ಸಾಸ್ವೆ. ಅಮಾಸೆಗೇ ಊ ಬಿಡ್ತು. ಆ ಎಣ್ಣು ದಿನಾ ಎದ್ದು ಊವ ಚಿವುಟಿ ಟಗರಿಗೆ ಆಕ್ತಾ ಅವಳೆ, ನಿಮ್ಮ ಮಾನ ಉಳೀಲಿ ಅಂತ. ನೀವು ಇಲ್ಲಿ ಬೇಲಿ ಕಟ್ತಾ ಇದೀರಾ.”

ಜವರಪ್ಪ ಅವನನ್ನು ಹಿತ್ತಲಿಗೆ ಕರೆದೊಯ್ದ. ಅಲ್ಲಿಯ ಸಾಸಿವೆಯಲ್ಲಿ ಹೂವಿಲ್ಲ, ಮೊಗ್ಗಿಲ್ಲ, ಕಾಂಡ ಅನ್ನುವುದೇ ಇನ್ನೂ ಇರಲಿಲ್ಲ. ಅಂಗೈಗಿಂತ ಅಗಲದ ದಪ್ಪ ಎಲೆಗಳು, ಗಿಡ್ಡ ತೊಟ್ಟು. ಎಲ್ಲ ನೆಲಕ್ಕೆ ಅಂಟಿ ದುಂಡಗೆ ಹರಡಿಕೊಂಡು, ಕಾವಿಗೆ ಕೂತ ಕೋಳಿಗಳ ಹಾಗೆ ಕೂತಿದ್ದವು.

“ತಡವಾಗಿ ಬಿತ್ತಿದೀರಿ,” ಎಂದ ಮಾದಯ್ಯ.

“ಸಿದ್ದೇಶ್ವರನಾಣೆ, ಅದೇ ಸಂಜೆ. ನನ್ನ ಎಂಡ್ತಿ ಅಳ್ತಾ ಅಳ್ತಾ ಬಿತ್ತಿದ್ಳು.” ಜವರಪ್ಪ ಬಾಗಿ ಡಬ್ಬಿಯ ಗಿಡವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದ. ಎಲೆಯನ್ನು ಬೆರಳಲ್ಲಿ ಉಜ್ಜಿದ. “ಬೀಗ್ರೇ, ಬೇಜಾರು ಮಾಡ್ಕಬ್ಯಾಡಿ. ಇದು ನಮ್ಮ ಬೀಜ ಅಲ್ಲ. ನಮ್ಮ ವಂಶದಾಗೆ ಇಂಗೆ ಕೊಕ್ಕರೆ ಕತ್ತಿನ ಸಾಸ್ವೆ ಉಟ್ಟಿಲ್ಲ. ನಿಮ್ಮ ಮನೇಲಿ ಯಾರೋ ನಮ್ಮದನ್ನ ಒಗ್ಗರಣೆಗೆ ಆಕಿ, ಮೆಟ್ಟೂರು ಅಂಗಡೀದು ಬಿತ್ತವ್ರೆ.”

ಮಾದಯ್ಯನ ಹೆಂಡತಿಯ ಒಗ್ಗರಣೆಯ ಮೇಲೆ ಅಲ್ಲಿಯವರೆಗೆ ಯಾರೂ ಇಂಥ ಆರೋಪ ಹೊರಿಸಿರಲಿಲ್ಲ. “ಕಳ್ಳನಿಗೊಂದು ಪಿಳ್ಳೆ ನೆವ,” ಎಂದ. “ಕರ್ಯಕ್ಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಿ.”

“ನನ್ನ ಮಗಳನ್ನ ಕರ್ಯಕ್ಕೆ ನಂಗೆ ಇಷ್ಟ ಇಲ್ವಾ?” ಎಂದ ಜವರಪ್ಪ. “ದಿನಾ ಬೆಳಿಗ್ಗೆ ಎದ್ದು ಈ ಮುಂಡೇವನ್ನೇ ನೋಡ್ತಾ ಕುಂತಿರ್ತೀನಿ. ಒಂದು ಮೊಗ್ಗಾದ್ರೂ ಬಿಡ್ರೋ ಅಂತ ಬಾಯಿಬಿಟ್ಟು ಕೇಳಿದೀನಿ.”

ಆಮೇಲೆ ಇಬ್ಬರಿಗೂ ಮಾತು ಮುಗಿಯಿತು. ಆಣೆ ಇಟ್ಟವನ ಮುಂದೆ ಇನ್ನೊಂದು ಮಾತಾಡುವಂತಿಲ್ಲ. ಗಿಡ ತಂದಿಟ್ಟವನ ಮುಂದೆಯೂ ಆಡುವಂತಿಲ್ಲ. ಜಗುಲಿಯ ಈ ತುದಿಗೊಬ್ಬ, ಆ ತುದಿಗೊಬ್ಬ ಬೆನ್ನು ತಿರುಗಿಸಿ ಕೂತರು. ಅಷ್ಟರಲ್ಲಿ ಮೋಡ ಇಳಿದು ಅಂಗಳ ತುಂಬಿಕೊಂಡಿತು. ಮಾದಯ್ಯನಿಗೆ ಆಗ ಕಂಬಳಿ ನೆನಪಾಯಿತು. ಮೊದಲು ಕೈ ಕಟ್ಟಿದ. ಆಮೇಲೆ ಮಂಡಿ ಮೇಲೆತ್ತಿ ಎದೆಗೆ ಒತ್ತಿಕೊಂಡ. ಆಮೇಲೆ ತಲೆಯನ್ನೂ ಮಂಡಿಗೆ ಸೇರಿಸಿದ. ಬೀಗರ ಮನೆಗೆ ಜಗಳಕ್ಕೆ ಬಂದವನು ಕೂರುವ ರೀತಿ ಅದಲ್ಲ, ಆದರೆ ಚಳಿಗೆ ಮರ್ಯಾದೆ ತಿಳಿಯುವುದಿಲ್ಲ.

ಸಣ್ಣಕ್ಕನ ತಾಯಿ ಸಿದ್ದಲಕ್ಷ್ಮಮ್ಮ ಸೌದೆ ಹೊತ್ತು ಬಂದಳು. ಹೊರೆ ಇಳಿಸಿ ಇಬ್ಬರನ್ನೂ ನೋಡಿದಳು. “ಅಣ್ಣ, ಯಾಕಂಗೆ ಉಂಡೆಯಾಗಿ ಕುಂತಿದೀರಿ? ಮದ್ವೆಗೆ ಕೆಳಗೆ ಬಂದಾಗ ನೋಡಿದ್ದೆ, ಅಂಗಳದ ತುಂಬ ಕೈಕಾಲು ಚಾಚ್ಕೊಂಡು ಮಲಗಿದ್ರಿ.”

“ಅಲ್ಲಿ ಸೆಖೆ, ಚಾಚ್ತೀನಿ. ಇಲ್ಲಿ ಚಳಿ, ಮುದುರ್ತೀನಿ,” ಎಂದ ಮಾದಯ್ಯ.

ಹೇಳಿದವನು ಸಾಸಿವೆ ಮಡಿಯ ಕಡೆ ನೋಡಿದ. ಆಮೇಲೆ ಡಬ್ಬಿಯ ಕಡೆ ನೋಡಿದ. ಅವನಿಗೆ ತನ್ನ ಕುರಿಗಳು ನೆನಪಾದವು. ಬಯಲಿನ ಬಂಡೆನೆಲ ಕಾದಾಗ ಕುರಿ ಮಲಗುವುದಿಲ್ಲ. ಹೊಟ್ಟೆಗೆ ನೆಲ ತಾಗಿಸದೆ ಕಾಲ ಮೇಲೆ ನಿಂತು, ಅಡಿಯಲ್ಲಿ ಗಾಳಿ ಆಡಲು ಬಿಡುತ್ತದೆ. ಅದೇ ಕುರಿ ಈ ಬೆಟ್ಟಕ್ಕೆ ಬಂದರೆ ಕಾಲು ಮಡಚಿ ನೆಲಕ್ಕೆ ಅಂಟಿ ಕೂರುತ್ತದೆ. ಕುರಿ ಬದಲಾಯಿತೆಂದು ಯಾರೂ ಜಗಳ ತೆಗೆದದ್ದಿಲ್ಲ.

“ಬೀಗ್ರೇ, ಇಲ್ಲಿ ತಿರುಗಿ,” ಎಂದ. “ನಾನು ಯಾರು?”

ಜವರಪ್ಪ ಗಾಬರಿಯಾಗಿ ತಿರುಗಿದ. “ಮಾದಯ್ಯ.”

“ಕೆಳಗೆ ಚಾಚ್ಕೊಂಡು ಮಲಗೋನು ಯಾರು?”

“ನೀವೇ.”

“ಇಲ್ಲಿ ಉಂಡೆಯಾಗಿ ಕುಂತೋನು?”

ಜವರಪ್ಪ ಮಾದಯ್ಯನ ಮುದುರಿದ ಮಂಡಿ ನೋಡಿದ, ಡಬ್ಬಿ ನೋಡಿದ. ಆಮೇಲೆ ಎದ್ದು ಹೋಗಿ ಮಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಅಗಲದ ಎಲೆಯೊಂದನ್ನು ಎತ್ತಿ ಅಡಿಯಲ್ಲಿ ಕೈಯಿಟ್ಟ. ನೆಲ ತಣ್ಣಗಿತ್ತು. “ಅಂದ್ರೆ ಇದೂ ನಮ್ಮದೇ,” ಎಂದ, ಡಬ್ಬಿ ತೋರಿಸಿ. “ಸೆಖೆಗೆ ನೆಲ ಬಿಟ್ಟು ಎದ್ದೈತೆ. ಸೆಖೆಗೇ ಊವೂ ಬೇಗ ಬಿಟ್ಟೈತೆ, ಬೇಗ ಬೇಗ ಮುಗಿಸ್ಬಿಡೋಣ ಅಂತ.”

“ಅಂಗೇ ಇರ್ಬೇಕು,” ಎಂದ ಮಾದಯ್ಯ.

ಮೂವರೂ ಮುದ್ದೆ ಉಂಡರು. ಜಗಳ ತೀರಿತ್ತು, ಕಷ್ಟ ತೀರಿರಲಿಲ್ಲ. ಮೇಲಿನ ಸಾಸಿವೆ ಹೂ ಬಿಡಲು ಇನ್ನೂ ಒಂದು ತಿಂಗಳಾದರೂ ಬೇಕು ಎಂದು ಜವರಪ್ಪ ಅಂದಾಜು ಹಾಕಿದ. ಅಷ್ಟರಲ್ಲಿ ಕೆಳಗಿನದು ಹೂ ಉದುರಿ ಕಾಯಾಗಿ ಒಡೆದಿರುತ್ತದೆ. ಸಣ್ಣಕ್ಕ ಎಷ್ಟೆಂದು ಚಿವುಟುತ್ತಾಳೆ? ಕಾರಣ ಹೇಳಿದರೆ ಮಾರಕ್ಕ ಕೇಳುವಳೇ?

“ತಾಯಿ ಊವ ಮುಡೀದೆ ಇಳಿಯಂಗಿಲ್ಲ,” ಎಂದ ಜವರಪ್ಪ. “ನಮ್ಮಜ್ಜಿ ಕಾಲದಿಂದ ಅಂಗೇ. ನಾಳೆ ಊರು ಏನನ್ನಲ್ಲ?” ಹೇಳುತ್ತ ಅವನು ತಲೆ ತಗ್ಗಿಸಿದ. ಮಗಳನ್ನು ಕೊಟ್ಟು ತಪ್ಪು ಮಾಡಿದೆನೋ ಎಂಬ ಸಂಕಟ ಅವನ ಮುಖದಲ್ಲಿ ಕಾಣುತ್ತಿತ್ತು. ಅದನ್ನು ನೋಡಿ ಮಾದಯ್ಯನಿಗೆ, ಹೆಣ್ಣು ಕೇಳಿದವನು ತಾನೇ ಅಲ್ಲವೇ ಎನಿಸಿತು.

ಸಿದ್ದಲಕ್ಷ್ಮಮ್ಮ ಕೈ ತೊಳೆದು ಬಂದು ಡಬ್ಬಿಯ ಮುಂದೆ ನಿಂತಳು. “ಬೀಜ ಯಾರ್ದು?” ಎಂದಳು ಗಂಡನಿಗೆ.

“ನಮ್ದು.”

“ಯಾವ ಚೀಲದ್ದು?”

“ಅದೇ ಚೀಲದ್ದು.”

“ತಾಯಿ ಮೊದಲ್ನೇ ಊವ ಮುಡೀಬೇಕು ಅಂದಿದ್ಳು ನಿಮ್ಮಜ್ಜಿ. ಯಾವ ಇತ್ತಲದ್ದು ಅಂದಿದ್ಳಾ?”

ಜವರಪ್ಪ ಯೋಚಿಸಿದ. ಅಜ್ಜಿ ಬಹಳ ವಿಷಯ ಹೇಳಿದ್ದಳು, ಇದನ್ನು ಮಾತ್ರ ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ. ಸಿದ್ದಲಕ್ಷ್ಮಮ್ಮ ಕೊಕ್ಕರೆ ಕತ್ತಿನ ಗಿಡದಿಂದ ಒಂದು ಗೊಂಚಲು ಹೂ ಮುರಿದು ಮುಡಿಗೆ ಸಿಕ್ಕಿಸಿಕೊಂಡಳು. “ಬೆಳಿಗ್ಗೆ ಇಳಿಯಾಣ ಅಣ್ಣ,” ಎಂದು ಮಾದಯ್ಯನಿಗೆ ಒಂದು ಕಂಬಳಿ ಕೊಟ್ಟಳು.

ಬೆಳಿಗ್ಗೆ ಮಾದಯ್ಯ ಮುಂದೆ, ಅವಳು ಹಿಂದೆ ಇಳಿದರು. ಬುಡ ತಲುಪುವಷ್ಟರಲ್ಲಿ ಸಿದ್ದಲಕ್ಷ್ಮಮ್ಮ ಹೊದ್ದಿದ್ದನ್ನೆಲ್ಲ ತೆಗೆದು ಹೆಗಲಿಗೆ ಹಾಕಿಕೊಂಡಿದ್ದಳು. ಹೂ ಬಾಡಿ ಜಡೆಗೆ ಅಂಟಿತ್ತು. ಬಯಲಿನ ಬೀದಿಯಲ್ಲಿ ಮಾದಯ್ಯ ಬೇಕೆಂದೇ ನಿಧಾನವಾಗಿ ನಡೆದ. ಮಾರಕ್ಕನ ಮನೆ ಮುಂದೆ ನಿಂತು ಕೆಮ್ಮಿದ. ಅವಳು ಹೊರಗೆ ಬಂದು ಬೀಗಿತ್ತಿಯ ಮುಡಿಯನ್ನು ಚೆನ್ನಾಗಿ ನೋಡಿದ ಮೇಲೆಯೇ ಮುಂದಕ್ಕೆ ಹೊರಟ.

ಸಣ್ಣಕ್ಕ ಸಾಸಿವೆ ಮಡಿಯಲ್ಲೇ ಇದ್ದಳು. ತಾಯಿಯನ್ನು ಕಂಡದ್ದೇ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

“ನಿಂದು ಊ ಬಿಡ್ತಾ ಅಮ್ಮ?”

“ಬಿಡ್ತಲ್ಲವ್ವಾ, ನೋಡು,” ಎಂದು ಸಿದ್ದಲಕ್ಷ್ಮಮ್ಮ ತಲೆ ತಿರುಗಿಸಿ ತೋರಿಸಿದಳು. ಆಮೇಲೆ ಮಗಳ ಕೈಗಳನ್ನು ಮುಂದಕ್ಕೆ ಎಳೆದುಕೊಂಡಳು. ಬೆರಳ ತುದಿಗಳೆಲ್ಲ ಹಸಿರುಗಟ್ಟಿದ್ದವು. ಉಗುರಿನ ಸಂದಿಯಲ್ಲಿ ಹಳದಿ ಪುಡಿ.

“ದಿನಾ ಚಿವುಟಿದ್ಯಾ?”

“ದಿನಾ. ಒಂದು ಕಿತ್ರೆ ನಾಕು ಬರ್ತಿತ್ತು. ನಿನ್ನ ಯಾರೂ ಏನೂ ಅನ್ಬಾರ್ದು ಅಂತ.”

ಸಿದ್ದಲಕ್ಷ್ಮಮ್ಮ ಮಗಳ ಕೈ ಹಿಡಿದುಕೊಂಡೇ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಅಮಾವಾಸ್ಯೆಯಿಂದ ಅಳದಿದ್ದ ಸಣ್ಣಕ್ಕನೂ ಆಗ ಅತ್ತಳು. ಬೀಗಿತ್ತಿಯನ್ನು ತರಾಟೆಗೆ ತೆಗೆದುಕೊಳ್ಳಲು ಎರಡು ದಿನದಿಂದ ಮಾತು ಜೋಡಿಸಿಟ್ಟಿದ್ದ ಮುನಿಲಕ್ಷ್ಮಮ್ಮ ಬಾಗಿಲಿಗೆ ಬಂದು, ಮೊದಲ ಮಾತು ಎತ್ತಿ, ಅಲ್ಲೇ ತಾನೂ ಅತ್ತಳು. ಅಷ್ಟು ಮಾತು ದಂಡವಾಯಿತು.

ಹೊರಡುವ ಮುನ್ನ ಸಿದ್ದಲಕ್ಷ್ಮಮ್ಮ ಮಗಳ ಗಲ್ಲ ಹಿಡಿದು, “ಯಾಕೆ ಇಂಗೆ ಸಣಕಲು ಕಡ್ಡಿ ಆಗಿದೀಯ?” ಎಂದಳು.

“ಸೆಖೆ,” ಎಂದ ಮಾದಯ್ಯ, ಯಾರೂ ಕೇಳುವ ಮುಂಚೆಯೇ.

ಮೇಲಿನ ಸಾಸಿವೆ ಹೂ ಬಿಟ್ಟ ದಿನ ಸಣ್ಣಕ್ಕನನ್ನು ಗಂಡನ ಮನೆಗೆ ವಾಪಸು ಕಳಿಸುವುದೆಂದು ಮಾತಾಯಿತು. ಮಾದಯ್ಯನೇ ಹೇಳಿದ ಮಾತು ಅದು. ಹೇಳುವಾಗ ಸುಲಭವಾಗಿ ಕಂಡಿತ್ತು.

ಕೆಳಗಿನ ಗಿಡಗಳು ಚಿವುಟುವವರಿಲ್ಲದೆ ಒಂದೇ ಸಲ ಹಿತ್ತಲೆಲ್ಲ ಹಳದಿಯಾದವು, ಉದುರಿದವು, ಕಾಯಿ ಕಟ್ಟಿ ಒಣಗಿದವು. ಐಪ್ಪಸಿ ತಿಂಗಳು ಬಂತು. ದೀಪಾವಳಿಗೆ ಸಣ್ಣಕ್ಕ ಇರಲಿಲ್ಲ. ಟಗರು ಬೆಳಿಗ್ಗೆ ಹಿತ್ತಲ ಕಡೆ ತಿರುಗಿ ಕೂಗುತ್ತಿತ್ತು. “ಎಪ್ಪೋಪ್ಪಾ ವರುವಾ?” ಎಂದು ಕುಪ್ಪಸ್ವಾಮಿ, ಹೆಂಡತಿ ಯಾವಾಗ ಬರುತ್ತಾಳೆಂದು ಮಿಲ್ಲಿನ ತಮಿಳಿನಲ್ಲಿ ಕೇಳಿದಾಗಲೆಲ್ಲ ಮಾದಯ್ಯ, “ಅಲ್ಲಿ ಚಳಿ ಕಣ್ಲಾ, ಎಲ್ಲಾ ನಿದಾನ,” ಎನ್ನುತ್ತಿದ್ದ. ಮಾರಕ್ಕ ಬೇಲಿಯಾಚೆಯಿಂದ, “ತಂಪು ಕಂಡೋಳು ಈ ಬೆಂಕಿಗೆ ಇಳೀತಾಳಾ?” ಎಂದಳು. ಗಿಡ ಯಾಕೆ ತಡ ಮಾಡುತ್ತದೆಂದು ಮಾದಯ್ಯನಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಇರಲಿಲ್ಲ. ಆದರೂ ದಿನಾ ಬೆಳಿಗ್ಗೆ ಕುರಿ ಬಿಡುವ ಮುನ್ನ ನಿಂತು ಬೆಟ್ಟದ ಕಡೆ ನೋಡುತ್ತಿದ್ದ. ಬರುವುದಿಲ್ಲವೇನೋ ಎಂದು ಅವನಿಗೆ ಭಯವಾಗಿತ್ತು. ಹಿಂದಿನ ತಿಂಗಳು ಸಣ್ಣಕ್ಕನಿಗೂ ಹೀಗೇ ಆಗಿತ್ತಲ್ಲ ಎಂದು ಆಗ ಹೊಳೆಯಿತು.

ಕಾರ್ತಿಗೆ ತಿಂಗಳು ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ಕುರಿಗೆ ನೀರು ಸೇದುತ್ತಿದ್ದಾಗ ಟಗರು ಹಗ್ಗ ಜಗ್ಗಿತು. ಬೀದಿಯ ತಿರುವಿನಲ್ಲಿ ಜವರಪ್ಪ ಗಂಟು ಹೊತ್ತು ಬರುತ್ತಿದ್ದ. ಅವನ ಮುಂದೆ ಸಣ್ಣಕ್ಕ, ಕೆನ್ನೆ ತುಂಬಿಕೊಂಡು, ಮುಡಿಯಲ್ಲಿ ದಪ್ಪನೆಯ ಹಳದಿ ಗೊಂಚಲು ಸಿಕ್ಕಿಸಿಕೊಂಡು ಬಂದಳು.

“ತಡ ಆಯ್ತು,” ಎಂದ ಮಾದಯ್ಯ.

“ಅಲ್ಲಿ ಚಳಿ ಅಲ್ವಾ ಮಾವ.”

“ಗೊತ್ತು. ನಾನೇ ಯೋಳಿದ್ದು.” ಅವನು ಕೊಡ ಕೆಳಗಿಟ್ಟ. “ಗೊತ್ತಿದ್ರೂ ಕತ್ತು ನೋಯೋ ಗಂಟ ಮೇಲೆ ನೋಡ್ದೆ ಕಣವ್ವಾ.”

ಸಣ್ಣಕ್ಕ ಹತ್ತಿರ ಬಂದದ್ದೇ ಟಗರು ಹಳೆಯ ಪರಿಚಯದ ಮೇಲೆ ಅವಳ ಮುಡಿಯ ಕಡೆ ಬಾಯಿ ಚಾಚಿತು. ಮಾದಯ್ಯ ಅದರ ಕೊಂಬು ಹಿಡಿದು ಬಲವಾಗಿ ಹಿಂದಕ್ಕೆ ಎಳೆದ.

“ಏಯ್,” ಎಂದ ಅದಕ್ಕೆ. “ಇದು ತಿನ್ನೋದಲ್ಲ.”